ಬೆಳ್ಳಕ್ಕಿಯ ತಕ್ಕಡಿ

ಇಂದುಮತಿ ಹೊಂಬಳ ತಕ್ಕಡಿಯನ್ನು ಬರೆದದ್ದು ಒಳ್ಳೆಯ ಉದ್ದೇಶದಿಂದಲೇ. ಈ ಮಾತನ್ನು ಬೆಟಗೇರಿಯ ನೀಲವ್ವ ಕೂಡ ಒಪ್ಪುತ್ತಿದ್ದಳು, ಅದೂ ಎಲ್ಲ ಮುಗಿದ ಮೇಲೆ.

ತಕ್ಕಡಿ ಒಂದು ಪ್ರೋಗ್ರಾಮಿನ ಹೆಸರು. ಭೂಮಿಯಿಂದ ಆರುನೂರು ಕಿಲೋಮೀಟರ್ ಮೇಲೆ ಸುತ್ತುತ್ತಿದ್ದ ಬೆಳ್ಳಕ್ಕಿ ಎಂಬ ಉಪಗ್ರಹದೊಳಗೆ ಅದರ ವಾಸ. ಬೆಳ್ಳಕ್ಕಿ ಸರಕಾರದ್ದಲ್ಲ, ಕಂಪನಿಯದೂ ಅಲ್ಲ. ಮನೆಯಲ್ಲಿ ರೇಡಿಯೋ ಇಟ್ಟುಕೊಂಡು ದೂರದೂರದವರ ಜೊತೆ ಮಾತಾಡುವ ಹವ್ಯಾಸದ ಜನ, ಅಂದರೆ ಹ್ಯಾಮ್‌ಗಳು, ಬಳಗ ಕಟ್ಟಿಕೊಂಡು ಹಾರಿಸಿದ್ದು. ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟು ದೊಡ್ಡದು. ನೆಲದಿಂದ ಬಂದ ಸದ್ದನ್ನು ಹಿಡಿದು ಮತ್ತೆ ನೆಲಕ್ಕೆ ಚೆಲ್ಲುವುದಷ್ಟೇ ಅದರ ಕೆಲಸ. ದಿನಕ್ಕೆ ಆರು ಸಲ ಗದಗಿನ ಮೇಲೆ ಹಾಯುತ್ತಿತ್ತು, ಒಂದೊಂದು ಸಲಕ್ಕೆ ಹನ್ನೆರಡು ನಿಮಿಷ.

ಬ್ಯಾಟರಿ ಹಳೆಯದಾದ ಮೇಲೆ ಬೆಳ್ಳಕ್ಕಿಗೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವಷ್ಟು ಶಕ್ತಿ ಉಳಿಯಿತು. ಮಾತಿನ ಸರದಿ ನಡೆಸಬೇಕು, ಇಲ್ಲವೇ ಮೋರ್ಸ್ ಸರದಿ ನಡೆಸಬೇಕು. ಮಾತಿನ ಸರದಿ ಸುಲಭ. ಅಂಗೈಯಗಲದ ವಾಕಿಟಾಕಿ ಹಿಡಿದು ಮಾಳಿಗೆಯ ಮೇಲೆ ನಿಂತರೆ ಸಾಕು, ನಿನ್ನೆ ಲೈಸೆನ್ಸ್ ಪಡೆದವನೂ ಇವತ್ತು ಕೊಲಂಬೊದವನಿಗೆ ನಮಸ್ಕಾರ ಹೇಳಬಹುದು. ಮೋರ್ಸ್ ಸರದಿಗೆ ದೊಡ್ಡ ಆಂಟೆನಾ ಬೇಕು, ಚುಕ್ಕಿ ಗೆರೆಗಳ ಭಾಷೆ ಬರಬೇಕು, ತಾಳ್ಮೆ ಬೇಕು. ಅದನ್ನು ಬಳಸುವವರೆಲ್ಲ ಅರವತ್ತು ದಾಟಿದವರು. ಬಳಗದ ಸಭೆಗಳಲ್ಲಿ ಯಾವ ಸರದಿಗೆ ಎಷ್ಟು ಹೊತ್ತು ಎಂಬ ಜಗಳ ಮೂರು ವರ್ಷ ನಡೆಯಿತು.

ಆಮೇಲೆ ತರಂಗಾಂತರ ಹಂಚುವ ಕಚೇರಿಯಿಂದ ಪತ್ರ ಬಂತು. ಹವ್ಯಾಸಿಗಳ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. ಇನ್ನೆರಡು ವರ್ಷದೊಳಗೆ ಐದು ಸಾವಿರ ಹೊಸಬರು ಬೆಳ್ಳಕ್ಕಿಯನ್ನು ಬಳಸದಿದ್ದರೆ ಅದರ ತರಂಗಾಂತರ ಬೇರೆಯವರ ಪಾಲಾಗುತ್ತದೆ ಎಂದು ಅದರ ಸಾರ.

ಬಳಗದ ಅಧ್ಯಕ್ಷರು ಅಶೋಕ ನರೇಗಲ್ಲ, ನಿವೃತ್ತ ಎಂಜಿನಿಯರ್. ಪಾಲಿಟೆಕ್ನಿಕ್ಕಿನ ಮಹಡಿಯ ಮೇಲಿನ ನಿಯಂತ್ರಣ ಕೋಣೆಯಲ್ಲಿ ಅವರು ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟರು.

"ಹಳಬ್ರು ತಮ್ಮೊಳಗ ತಾವು ಟಕಟಕ ಮಾಡ್ಕೋತ ಕೂತ್ರ ಹೊಸಬ್ರು ಹೆಂಗ ಬರ್ತಾರ? ಆದ್ರ ಹಳಬರ ಸರದಿ ಕಡಿಮಿ ಮಾಡ್ರಿ ಅಂತ ಹೇಳೋ ಧೈರ್ಯ ನನಗಿಲ್ಲ. ಅವರ ಎದುರಿಗೆ ನಾಳೆ ನಾ ಮಾರಿ ತೋರಿಸಬೇಕಲ್ಲ."

"ನಾವು ಯಾರೂ ಹೇಳೋದು ಬ್ಯಾಡ್ರಿ ಸರ್," ಎಂದಳು ಇಂದುಮತಿ. "ಬೆಳ್ಳಕ್ಕಿನಽ ನಿರ್ಧಾರ ಮಾಡ್ಲಿ."

ಅವಳಿಗೆ ಆಗ ನಲವತ್ತೊಂದು. ಕೆಳಗಿನ ಮಹಡಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು; ಮೇಲಿನ ಮಹಡಿಯಲ್ಲಿ ಬೆಳ್ಳಕ್ಕಿಗೆ ಆದೇಶ ಕಳಿಸುವ ಗುಪ್ತ ಸಂಕೇತ ಗೊತ್ತಿದ್ದವಳು ಅವಳೊಬ್ಬಳೇ. ಎರಡು ತಿಂಗಳಲ್ಲಿ ತಕ್ಕಡಿ ತಯಾರಾಯಿತು. ಪ್ರತಿ ಭಾನುವಾರ ಅದು ಒಂದೊಂದು ಸರದಿಯಲ್ಲಿ ಎಷ್ಟು ಹೊಸ ಹೆಸರು ಕೇಳಿಬಂದವೆಂದು ನೋಡುತ್ತಿತ್ತು. ಹೊಸಬರನ್ನು ಹೆಚ್ಚು ತಂದ ಸರದಿಗೆ ಮುಂದಿನ ವಾರ ಹೆಚ್ಚು ಹೊತ್ತು, ತರದ ಸರದಿಗೆ ಕಡಿಮೆ. ಅಷ್ಟೇ. ಪಕ್ಷಪಾತ ಇಲ್ಲ, ಮುಲಾಜಿಲ್ಲ.

ಕೆಲಸ ಅವಳೆಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಮೊದಲ ಆರು ತಿಂಗಳಲ್ಲೇ ಹದಿನಾಲ್ಕು ನೂರು ಹೊಸ ದನಿಗಳು ಬಂದವು. ಆದರೆ ತೊಂಬತ್ತು ದಿನ ಕಳೆದವರು ತಕ್ಕಡಿಯ ಪಾಲಿಗೆ ಹಳಬರು. ಹೊಸಬನೂ ಹಳಬನೂ ಒಟ್ಟಿಗೆ ಕರೆದರೆ ಅದು ಹೊಸಬನ ದನಿಯನ್ನಷ್ಟೇ ಮುಂದೆ ಬಿಡುತ್ತಿತ್ತು. ಧಾರವಾಡದ ಒಬ್ಬ ನರ್ಸ್ ಮೊದಲ ತಿಂಗಳು ಖುಷಿಯಿಂದ ಬಂದವಳು ನಾಲ್ಕನೆಯ ತಿಂಗಳು ಪತ್ರ ಬರೆದಳು: "ಈಗ ನನ್ನ ಮಾತು ಯಾರಿಗೂ ಮುಟ್ಟುತ್ತಿಲ್ಲ. ನನ್ನಿಂದ ಏನಾದರೂ ತಪ್ಪಾಯಿತೆ?" ಇಂದುಮತಿ ಅದನ್ನು ನರೇಗಲ್ಲರಿಗೆ ತೋರಿಸಿದಳು.

"ಹೋದವರನ್ನ ಎಣಸ್ರಿ ಅಂತ ಕಚೇರಿಯವರು ಪತ್ರದಾಗ ಬರದಿಲ್ಲಲ್ಲ," ಎಂದರು ಅವರು.

ಮೋರ್ಸ್ ಸರದಿ ವಾರ ವಾರ ಸವೆಯಿತು. ದಿನಕ್ಕೆ ಮೂರು ಇದ್ದದ್ದು ಎರಡಾಯಿತು, ಎರಡು ಇದ್ದದ್ದು ಒಂದಾಯಿತು. ಕೊನೆಗೆ ಬೆಳಗಿನ ಏಳೂವರೆಯ ಹಾಯುವಿಕೆಯೊಂದೇ ಉಳಿಯಿತು.

ಆ ಹನ್ನೆರಡು ನಿಮಿಷಕ್ಕಾಗಿ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಒಬ್ಬ ಮನುಷ್ಯ ಬದುಕಿದ್ದ ಎಂದರೆ ಹೆಚ್ಚು ಹೇಳಿದಂತಲ್ಲ. ಗುರುಬಸಪ್ಪ ಮುಳಗುಂದ ರೈಲ್ವೆಯಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದವರು. ಊರಿಗೆಲ್ಲ ತಾರ್ ಮಾಸ್ತರ. ಇಂದುಮತಿ ಫ್ರಾಕು ಹಾಕುವ ವಯಸ್ಸಿನಲ್ಲಿ ಅವರ ಪಡಸಾಲೆಯಲ್ಲಿ ಕೂತು ಮೋರ್ಸ್ ಕಲಿತವಳು. ರೇಡಿಯೋ ಎಂದರೇನೆಂದು ಅವಳಿಗೆ ತೋರಿಸಿಕೊಟ್ಟವರೇ ಅವರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ ಅವರ ಮಾತು ಹೋಯಿತು, ಕೈಕಾಲು ಹೋದವು. ಉಳಿದದ್ದು ಕಣ್ಣು, ಕಿವಿ, ಬುದ್ಧಿ ಮತ್ತು ಬಲಗೈಯ ತೋರುಬೆರಳು.

ಕಣ್ಣಿನ ಚಲನೆ ನೋಡಿ ಮಾತಾಡುವ ಯಂತ್ರವನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದನ್ನು ಎದುರಿಗಿಟ್ಟರೆ ಮಾಸ್ತರರು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. "ಅದರ ದನಿ ನಂದಲ್ಲ" ಎಂದು ಬೆರಳಿನಿಂದ ಹೇಳಿದ್ದರು, ಒಂದೇ ಸಲ. ಇಂದುಮತಿ ಅವರ ಬೆರಳ ಕೆಳಗೆ ಮುಟ್ಟಿದರೆ ಸಾಕೆನ್ನುವ ಒಂದು ಮೋರ್ಸ್ ಕೀಲಿ ಕೂರಿಸಿಕೊಟ್ಟಳು. ಮಾಳಿಗೆಯ ಮೇಲಿನ ಆಂಟೆನಾವನ್ನು ಕಂಪ್ಯೂಟರೇ ತಿರುಗಿಸುತ್ತಿತ್ತು.

ಪ್ರತಿ ಮನುಷ್ಯನ ಮೋರ್ಸಿಗೂ ಒಂದು ನಡಿಗೆ ಇರುತ್ತದೆ. ಅದನ್ನು ಬಲ್ಲವರು 'ಕೈ' ಎನ್ನುತ್ತಾರೆ. ಮಾಸ್ತರರ ಕೈಯಲ್ಲಿ ಕೊನೆಯ ಗೆರೆ ತುಸು ಎಳೆದಂತಿರುತ್ತಿತ್ತು, ಮಾತು ಮುಗಿಸಲು ಮನಸ್ಸಿಲ್ಲದವರ ಹಾಗೆ. ಪೋರ್ಟ್‌ಬ್ಲೇರಿನ ದತ್ತಾ ಎಂಬ ಹಡಗಿನ ನಿವೃತ್ತ ರೇಡಿಯೋ ಅಧಿಕಾರಿ ಹೆಸರು ಕೇಳುವ ಮೊದಲೇ ಆ ಕೈಯನ್ನು ಗುರುತು ಹಿಡಿಯುತ್ತಿದ್ದರು. ಆ ಸರದಿಗೆ ಬರುತ್ತಿದ್ದವರು ದತ್ತಾ ಮತ್ತು ಇನ್ನೈದು ಮಂದಿ. ಅವರಾರಿಗೂ ಮಾಸ್ತರರು ಮಲಗಿದಲ್ಲೇ ಇರುವುದು ಗೊತ್ತಿರಲಿಲ್ಲ. ಆ ಹನ್ನೆರಡು ನಿಮಿಷ ಅವರು ರೋಗಿಯಾಗಿರಲಿಲ್ಲ. ಬಿಸಿಲಿನ ಬಗ್ಗೆ ಬೈಯುತ್ತಿದ್ದರು, ದತ್ತಾರ ಮೀನಿನ ಸಾರನ್ನು ಗೇಲಿ ಮಾಡುತ್ತಿದ್ದರು.

ಸರದಿ ಒಂದಕ್ಕಿಳಿದ ವಾರ ಇಂದುಮತಿ ಬೆಟಗೇರಿಗೆ ಹೋದಾಗ ಮಾಸ್ತರರ ಹೆಂಡತಿ ನೀಲವ್ವ ಚಹಾ ಕೊಟ್ಟು ಎದುರಿಗೆ ಕೂತಳು. ಅರವತ್ತೆಂಟರ ಹೆಂಗಸು, ಏಳನೆಯ ಇಯತ್ತೆಯವರೆಗೆ ಓದಿದವಳು.

"ಇಂದೂ, ಹೊಸಬ್ರು ಬಂದ್ರ ಸರದಿ ಹೆಚ್ಚಾಕ್ಕತಿ, ಹೌದಲ್ಲ?"

"ಹೌದ್ರಿ ಅವ್ವಾರ. ಆದ್ರ ಮೋರ್ಸಿಗೆ ಯಾರು ಬರ್ತಾರ?"

"ನಾ ಹೊಸಬಕಿ ಅಲ್ಲೇನು?"

ಇಂದುಮತಿ ನಕ್ಕಳು. ನೀಲವ್ವ ನಗಲಿಲ್ಲ. "ನಂದೊಂದು ಹೆಸರು ಆತು. ನಮ್ಮ ಓಣ್ಯಾಗ ಇನ್ನ ನಾಕ ಮಂದಿ ಹೆಣಮಕ್ಕಳ್ನ ಹುರುಪು ಮಾಡಿ ಕರಕೊಂಡ ಬರ್ತೀನಿ. ಮೊದಲ ನಾ ಕಲತು ತೋರಸ್ತೀನಿ. ನಡದೀತೋ ಇಲ್ಲೋ, ಅಷ್ಟ ಹೇಳು."

"ಯಾಕ ನಡೆಯಂಗಿಲ್ರಿ? ತಕ್ಕಡಿ ಯಾರ ವಯಸ್ಸೂ ಕೇಳೂದಿಲ್ಲ. ಕಲೀರಿ," ಎಂದಳು ಇಂದುಮತಿ. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ನೀಲವ್ವ ಎಂಟು ತಿಂಗಳು ಕಲಿತಳು. ಮಧ್ಯಾಹ್ನ ಊಟದ ಪಾತ್ರೆ ಬೆಳಗಿಟ್ಟು, ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ಗಂಡನ ಬೆರಳಿನ ಕೆಳಗೆ ಅಂಗೈ ಒಡ್ಡುತ್ತಿದ್ದಳು. ಅವರು ಅಂಗೈಯ ಮೇಲೆ ಒಂದು ಅಕ್ಷರ ಬಡಿಯುತ್ತಿದ್ದರು. ಅವಳು ಅದನ್ನೇ ಅವರ ಮುಂಗೈ ಮೇಲೆ ತಿರುಗಿ ಬಡಿಯುತ್ತಿದ್ದಳು. ತಪ್ಪಾದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಸರಿಯಾದರೆ ಮುಂದಿನ ಅಕ್ಷರ. ಎರಡು ಗೆರೆಯ ಪಟ್ಟಿಯಲ್ಲಿ, ಅಂದರೆ ಮಕ್ಕಳು ಕಾಪಿ ಬರೆಯುವ ಪುಸ್ತಕದಲ್ಲಿ, ಇಂಗ್ಲಿಷಿನ ಚುಟುಕು ಪದಗಳನ್ನು ಕನ್ನಡ ಅರ್ಥದ ಜೊತೆ ಬರೆದಿಟ್ಟುಕೊಂಡಳು. ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದಳು. ಮೊದಲ ಸಲ ನಪಾಸಾಗಿ, ಎರಡನೆಯ ಸಲ ಪಾಸಾದಳು.

ಆ ಎಂಟು ತಿಂಗಳಲ್ಲಿ ಮೇಲಿನ ಮಹಡಿಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಕೆಲವು ಹಳಬರು ಸರದಿ ಉಳಿಸಿಕೊಳ್ಳಲು ಮಕ್ಕಳು ಮೊಮ್ಮಕ್ಕಳ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿ, ತಾವೇ ಕೂತು ಮೋರ್ಸ್ ಬಡಿಯುತ್ತಿದ್ದರು. ಹಾಗೆ ಮೂವರು ಸಿಕ್ಕಿಬಿದ್ದರು. ಲೆಕ್ಕದಲ್ಲಿ ಮೋಸವಿದೆ ಎಂಬ ಸುದ್ದಿ ತರಂಗಾಂತರ ಕಚೇರಿಗೆ ಮುಟ್ಟಿದರೆ ಎಲ್ಲವೂ ಹೋದಂತೆ. ಇಂದುಮತಿ ತಕ್ಕಡಿಗೆ ಹೊಸದೊಂದು ಭಾಗ ಸೇರಿಸಿದಳು. ಅದು ಪ್ರತಿಯೊಬ್ಬರ ಕೈಯನ್ನು ನೆನಪಿಟ್ಟುಕೊಳ್ಳುತ್ತಿತ್ತು: ಚುಕ್ಕಿ ಎಷ್ಟು ಹೊತ್ತು, ಗೆರೆ ಎಷ್ಟು ಹೊತ್ತು, ನಡುವಿನ ಬಿಡುವು ಎಷ್ಟು. ಹೊಸ ಹೆಸರಿನಲ್ಲಿ ಹಳೆಯ ಕೈ ಬಂದರೆ ಅದು ಕಳ್ಳ ಹೆಸರು. ಶಿಕ್ಷೆ ಆ ಸರದಿಗೇ: ನಲವತ್ತು ದಿನ ಬಂದ್.

ನೀಲವ್ವ ಮೊದಲ ಸಲ ಕೀಲಿ ಮುಟ್ಟಿದ್ದು ಒಂದು ಮಂಗಳವಾರ. ಇಂದುಮತಿ ನಿಯಂತ್ರಣ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ನಿಧಾನವಾಗಿ, ಎಡವದೆ, ಲೈಸೆನ್ಸಿನ ಜೊತೆ ಸಿಕ್ಕ ತನ್ನ ಕರೆಹೆಸರನ್ನು ಹೇಳಿದಳು ನೀಲವ್ವ. "ಹೊಸಬಳು. ಹೆಸರು ನೀಲಾ. ಊರು ಗದಗ." ದತ್ತಾ ಕೂಡಲೇ ಉತ್ತರಿಸಿದರು, ಸ್ವಾಗತ ಎಂದರು. ಇಂದುಮತಿಯ ಕಣ್ಣು ತುಂಬಿಬಂತು.

ಬೆಳ್ಳಕ್ಕಿ ದಿಗಂತದಲ್ಲಿ ಮುಳುಗುವ ಮೊದಲು ಪರದೆಯ ಮೇಲೆ ಒಂದು ಸಾಲು ಬಂತು. ಹೆಸರು ಹೊಸದು. ಕೈ ಮುಳಗುಂದರದು, ನೂರಕ್ಕೆ ತೊಂಬತ್ತೈದು. ಕಳ್ಳ ಹೆಸರು. ಮೋರ್ಸ್ ಸರದಿ ನಲವತ್ತು ದಿನ ಬಂದ್.

ಅವಳು ಆ ಸಾಲನ್ನೇ ನೋಡುತ್ತ ಕೂತಳು. ಬೆಟಗೇರಿಯ ಆ ಮನೆಯವರನ್ನು ಬಿಟ್ಟರೆ, ಹಾಗಲ್ಲ ಎಂದು ಗೊತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ. ಬೇರೆ ಯಾರಿಂದಲೂ ಕಲಿಯದೆ, ಒಂದೇ ಬೆರಳಿನಿಂದ ಒಂದೇ ಅಂಗೈ ಮೇಲೆ ಕಲಿತವಳ ಕೈ ಬೇರೆ ಹೇಗಿದ್ದೀತು? ಕೊನೆಯ ಗೆರೆಯನ್ನು ಎಳೆಯುವುದೂ ಭಾಷೆಯ ಭಾಗವೇ ಎಂದು ನೀಲವ್ವ ತಿಳಿದಿದ್ದಳು.

ಒಂದು ಆದೇಶ ಕಳಿಸಿದರೆ ಮುಗಿಯುತ್ತಿತ್ತು. ನರೇಗಲ್ಲರು ಬೇಡವೆಂದರು. "ಇಪ್ಪತ್ತು ದಿನಕ್ಕ ಕಚೇರಿಯ ತಪಾಸಣಿಯವರು ಬರ್ತಾರ. ಮನುಷ್ಯರ ಕೈ ಸೋಕದ ಲೆಕ್ಕ ಅಂತ ನಾವು ಬರಕೊಟ್ಟೀವಿ. ಒಂದು ಸಲ ನೀವು ತಿದ್ದಿದ್ರಿ ಅಂತ ದಾಖಲೆಯೊಳಗ ಬಂದ್ರ, ಐದು ಸಾವಿರ ಹೆಸರೂ ಸುಳ್ಳಾಗ್ತಾವ. ಒಬ್ಬ ಮುದುಕಿ ಸಲುವಾಗಿ ಬೆಳ್ಳಕ್ಕಿನ ಕಳಕೋಬೇಕೇನು? ತಪಾಸಣಿ ಮುಗೀಲಿ. ಮರುದಿನ ತಿದ್ದೂಣಂತ."

ಇಂದುಮತಿ ಒಪ್ಪಿದಳು.

ಮೂರನೆಯ ದಿನ ನೀಲವ್ವ ತಾನೇ ಬಂದಳು. ಮಹಡಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಲೈಸೆನ್ಸನ್ನು ಮೇಜಿನ ಮೇಲಿಟ್ಟಳು.

"ಮೂರು ದಿನಾ ಆತು, ಏನೂ ಕೇಳಸವಲ್ದು. ದತ್ತಾ ಇಲ್ಲ, ಯಾರೂ ಇಲ್ಲ. ಅವರ ಬೆರಳು ಒಂದ ಸವನ ಕರಿಯಾಕತ್ತೈತಿ. ಏನಾಗೈತಿ, ಇಂದೂ?"

ಇಂದುಮತಿ ಹೇಳಿದಳು. ಸುತ್ತಿ ಬಳಸಿ ಹೇಳಲು ನೋಡಿ, ಆಗದೆ, ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ನೀಲವ್ವ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಲೈಸೆನ್ಸಿನ ಮೇಲಿನ ತನ್ನ ಹೆಸರನ್ನು ನೋಡಿದಳು.

"ಅಂದ್ರ ನಿನ್ನ ಯಂತ್ರ ನನ್ನನ್ನ ಅವರಽ ಅಂತ ತಿಳಕೊಂಡೈತಿ."

"ಹೌದ್ರಿ."

"ಅಷ್ಟು ಚಲೋ ಕಲತೀನೇನು ನಾ?" ಎಂದಳು ನೀಲವ್ವ. ಅವಳ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂದುಹೋಯಿತು. ಆಮೇಲೆ ಕೇಳಿದಳು, "ಬಂದ್ ಆಗಿದ್ದು ನನ್ನಿಂದಽ ಹಂಗಾರ?"

"ನಿಮ್ಮಿಂದಲ್ರಿ ಅವ್ವಾರ..."

"ನಾ ಮುಟ್ಟಲಾರದ ಇದ್ದಿದ್ರ ಅವರಿಗೆ ದಿನಾ ಹನ್ನೆರಡು ನಿಮಿಷಾದರೂ ಇರ್ತಿತ್ತು."

ತಪಾಸಣೆ ಮುಗಿದ ಮರುದಿನವೇ ತೆರೆಯುತ್ತೇನೆಂದು ಇಂದುಮತಿ ಮಾತು ಕೊಟ್ಟಳು. ನೀಲವ್ವ ಲೈಸೆನ್ಸನ್ನು ಮತ್ತೆ ಸುತ್ತಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದಳು. ಓಣಿಯ ಹೆಂಗಸರನ್ನು ಕರೆತರುವ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.

ಇಪ್ಪತ್ತನೆಯ ದಿನ ತಪಾಸಣೆಯ ಮೂವರು ಬಂದರು. ದಾಖಲೆಗಳನ್ನೆಲ್ಲ ನೋಡಿದರು. ಅವರಲ್ಲೊಬ್ಬರು ಕಳ್ಳ ಹೆಸರುಗಳ ಪಟ್ಟಿಯ ಮೇಲೆ ಬೆರಳಿಟ್ಟು, "ಇದು ಬಹಳ ಮೆಚ್ಚುವಂಥ ವ್ಯವಸ್ಥೆ," ಎಂದರು. ಪಟ್ಟಿಯ ಕೊನೆಯ ಹೆಸರು ನೀಲವ್ವನದು. ಸಂಜೆಗೆ ಬೆಳ್ಳಕ್ಕಿ ಉಳಿದ ಸುದ್ದಿ ಬಂತು. ಪೇಡೆ ಹಂಚಿದರು.

ಇಪ್ಪತ್ತೊಂದನೆಯ ದಿನ ಧಾರವಾಡದಲ್ಲಿ ಇಂದುಮತಿಗೆ ಶಾಲು ಹೊದಿಸಿದರು. ಇಪ್ಪತ್ತೆರಡನೆಯ ದಿನ ಹುಬ್ಬಳ್ಳಿಯಲ್ಲಿ ಭಾಷಣ. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಎದ್ದಾಗ ಏಳೂವರೆಯ ಹೊತ್ತು ಮೀರಿತ್ತು, ಮೈಕೈ ನೋವು, ನಾಳೆ ಕಳಿಸಿದರಾಯಿತು ಎಂದುಕೊಂಡಳು. ಒಂದು ಸಾಲಿನ ಆದೇಶ, ಕಳಿಸಲು ಅರ್ಧ ನಿಮಿಷವೂ ಬೇಡ. ಮರೆತಿರಲಿಲ್ಲ. ಆ ದಿನಗಳಲ್ಲಿ ಅದು ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಇದ್ದೇ ಇತ್ತು, ಬಟ್ಟೆ ಒಣಗಲು ಹಾಕಿ ಬಂದವರಿಗೆ ಬಟ್ಟೆ ನೆನಪಿರುವ ಹಾಗೆ.

ಇಪ್ಪತ್ತನಾಲ್ಕನೆಯ ದಿನ ಬೆಳಿಗ್ಗೆ ನೀಲವ್ವನ ಫೋನು ಬಂತು.

"ಬೆರಳು ನಿಂತೈತವ್ವಾ."

ಡಾಕ್ಟರು ನೋಡಿ ಮತ್ತೊಂದು ಹೆಪ್ಪು ಎಂದರು. ಉಸಿರಿದೆ, ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ರೆಪ್ಪೆ ಆಡುತ್ತದೆ. ಬೆರಳು ಇನ್ನು ಬಾರದು. ನೀಲವ್ವ ಕಣ್ಣಿನ ಯಂತ್ರವನ್ನು ಅಟ್ಟದಿಂದಿಳಿಸಿ ಒರೆಸಿ ಎದುರಿಗಿಟ್ಟಳು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಅವರ ಕೈಲಿ ಉಳಿದದ್ದು ಅದೊಂದೇ.

ಇನ್ನು ಅವಸರವಿರಲಿಲ್ಲ. ಇಂದುಮತಿ ಆದೇಶ ಕಳಿಸಲಿಲ್ಲ. ಮೂವತ್ತನೆಯ ದಿನ ಪರವಾನಗಿಯ ಕಾಗದ ಬಂತು. ಮುಂದೆ ಎರಡು ವರ್ಷ ತಕ್ಕಡಿಯ ತೀರ್ಮಾನಗಳನ್ನು ಯಾರೂ ತಿದ್ದತಕ್ಕದ್ದಲ್ಲ ಎಂಬುದು ಅದರ ಮೊದಲ ಶರತ್ತು. ಅವಳು ಸಹಿ ಹಾಕಿದಳು.

ನಲವತ್ತು ದಿನ ತುಂಬಿದ ಮೇಲೆ ತಕ್ಕಡಿ ತಾನೇ ಮೋರ್ಸ್ ಸರದಿಯನ್ನು ತೆರೆಯಿತು. ಶಿಕ್ಷೆ ಮುಗಿಸಿದ ಸರದಿಗೆ ಒಂದು ವಾರದ ಅವಕಾಶ; ಅಷ್ಟರಲ್ಲಿ ಒಬ್ಬನಾದರೂ ಹೊಸಬ ಬಾರದಿದ್ದರೆ ಕಾಯಂ ಬಂದ್. ಆ ನಿಯಮವನ್ನೂ ಇಂದುಮತಿಯೇ ಬರೆದಿದ್ದಳು.

ಮೊದಲ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡಾಗ ಆರು ಮಂದಿಯೂ ಇದ್ದರು. ಆರು ಮಂದಿಯೂ ಕರೆಯುತ್ತಿದ್ದುದು ಒಂದೇ ಹೆಸರನ್ನು. ಮುಳಗುಂದ, ಮುಳಗುಂದ. ದತ್ತಾ ಹನ್ನೆರಡು ನಿಮಿಷವೂ ಬಿಡದೆ ಕರೆದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವಳು ಹೆಡ್‌ಫೋನ್ ಮುಟ್ಟಲಿಲ್ಲ.

ನಾಲ್ಕನೆಯ ದಿನ ಮುಟ್ಟಿದಳು. ದತ್ತಾ ಕರೆದು ನಿಲ್ಲಿಸಿದ ಕೂಡಲೇ ಉತ್ತರ ಬಂತು. ಮಾಸ್ತರರ ಕರೆಹೆಸರು. ಮಾಸ್ತರರ ಕೈ. ಎಳೆದ ಕೊನೆಯ ಗೆರೆ. ಪರದೆಯ ಮೇಲೆ ಸಾಲು ಮೂಡಿತು: ಮುಳಗುಂದ, ನೂರಕ್ಕೆ ತೊಂಬತ್ತೇಳು, ನಿಜವಾದ ಹೆಸರು.

ಬೆರಳು ಬಂದಿದೆ! ಅವಳು ಸರದಿ ಮುಗಿಯುವುದನ್ನೂ ಕಾಯದೆ ಸ್ಕೂಟರ್ ಹತ್ತಿದಳು. ಬೆಟಗೇರಿ ಮುಟ್ಟುವತನಕ ಅವಳ ಬಾಯಲ್ಲಿ ಯಾವ ದೇವರ ಹೆಸರು ಬಂದಿತ್ತೋ ಅವಳಿಗೇ ನೆನಪಿಲ್ಲ. ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

ಮಾಸ್ತರರು ಮಂಚದ ಮೇಲಿದ್ದರು, ಬಲಗೈ ಹಾಸಿಗೆಯ ಮೇಲೆ ಇಟ್ಟಂತೆ ಇತ್ತು. ಕೀಲಿ ನೀಲವ್ವನ ತೊಡೆಯ ಮೇಲಿತ್ತು. ಆಗಷ್ಟೇ ಸರದಿ ಮುಗಿದು, ಅವಳು ಎರಡು ಗೆರೆಯ ಪಟ್ಟಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು.

"ಅವ್ವಾರ, ಇದು..." ಇಂದುಮತಿ ಕೀಲಿಯ ಕಡೆ ಕೈ ತೋರಿಸಿದಳು. "ಇನ್ನೊಬ್ಬರ ಹೆಸರಿನಾಗ ಮಾಡಬಾರದ್ರಿ."

"ನನ್ನ ಹೆಸರಲೆ ಮಾಡಿದ್ರ ಸುಳ್ಳು ಅಂತು ನಿನ್ನ ಯಂತ್ರ," ಎಂದಳು ನೀಲವ್ವ ತಲೆ ಎತ್ತದೆ. "ಅವರ ಹೆಸರಲೆ ಮಾಡೀನಿ. ಖರೆ ಅಂತೋ ಇಲ್ಲೋ?"

ಇಂದುಮತಿ ಹೌದೆಂದು ತಲೆಯಾಡಿಸಿದಳು.

"ನಿನ್ನೆನ ಮಾಡಿದ್ದೆ, ನೀ ಕೇಳಿರಲಿಕ್ಕಿಲ್ಲ. ದತ್ತಾ ಅಷ್ಟು ಕರಿಯಾಕತ್ತಿದ್ದ, ಸುಮ್ಮನ ಹೆಂಗ ಕೂಡೂದು? ಒಂದ ಮಾತು ಹೇಳಿದೆ, ಆರಾಮ ಅದೀನಿ ಅಂತ."

"ಮಾಸ್ತರಿಗೆ?"

"ಅವರಿಗೆ ಕೇಳಸ್ತೈತಲ್ಲ. ನಿನ್ನೆ ಅತ್ತರು. ಇವತ್ತ ಅಳಲಿಲ್ಲ." ನೀಲವ್ವ ಪಟ್ಟಿ ಹಿಡಿದು ಮಂಚದ ಕಡೆ ತಿರುಗಿದಳು. ಕಿವಿ ದೂರದವರಿಗೆ ಹೇಳುವಂತೆ ದನಿ ಎತ್ತರಿಸಿದಳು. "ಇಲ್ಲಿ ಕೇಳ್ರಿ, ದತ್ತಾ ಏನ ಹೇಳ್ಯಾನ ಅಂತ. ಮುಳಗುಂದ, ಇಷ್ಟು ದಿನಾ ಎಲ್ಲಿದ್ದಿ, ನಿನ್ನ ಕೈ ಮೊದಲಿಗಿಂತ ಚಲೋ ಆಗೈತಿ, ಅಂತಾನ. ಮೊದಲಿಗಿಂತ ಚಲೋ ಅಂತ!"

ಮಾಸ್ತರರು ಕಣ್ಣು ಮುಚ್ಚಿಕೊಂಡರು.

ನೀಲವ್ವ ಅದನ್ನು ನೋಡಿ ಪಟ್ಟಿಯನ್ನು ಮಡಚಿ ದಿಂಬಿನ ಪಕ್ಕಕ್ಕಿಟ್ಟಳು. ಅವರ ಹೊದಿಕೆ ಸರಿಮಾಡಿದಳು, ಕಟವಾಯಿ ಒರೆಸಿದಳು. ಆಮೇಲೆ ಇಂದುಮತಿಯ ಕಡೆ ತಿರುಗಿ, ಮೆಲ್ಲಗೆ, ಆದರೆ ಮಂಚಕ್ಕೆ ಕೇಳಿಸುವಷ್ಟು ಹತ್ತಿರದಿಂದಲೇ ಕೇಳಿದಳು.

"ಇನ್ನ ಬಂದ್ ಆಗೂದಿಲ್ಲಲ್ಲ ಇದು? ಈಗ ನಾ ಏನೂ ತಪ್ಪ ಮಾಡಿಲ್ಲ. ಹೊಸ ಹೆಸರು ಹಾಕಿಲ್ಲ. ಹಳೇದಽ ಐತಿ, ಹಂಗಽ ನಡಸ್ಕೊಂಡ ಹೋಗ್ತೀನಿ."

ಅಂದು ಗುರುವಾರ. ಭಾನುವಾರಕ್ಕೆ ವಾರ ತುಂಬುತ್ತಿತ್ತು. ಈ ನಾಲ್ಕು ದಿನಗಳಲ್ಲಿ ಮೋರ್ಸ್ ಸರದಿಗೆ ಹೊಸ ಹೆಸರು ಒಂದೂ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ.

"ಇಲ್ರಿ ಅವ್ವಾರ," ಎಂದಳು ಇಂದುಮತಿ. "ಆಗೂದಿಲ್ಲ."

ಮಾಸ್ತರರು ಕಣ್ಣು ತೆರೆದರು. ಅವಳಿಗೆ ಅಕ್ಷರ ಕಲಿಸಿದವರು, ಅವಳು ತಪ್ಪು ಬಡಿದಾಗಲೆಲ್ಲ ಪಡಸಾಲೆಯ ಆ ತುದಿಯಿಂದಲೇ ಹಿಡಿದವರು. ಅವರು ಅವಳನ್ನೇ ನೋಡತೊಡಗಿದರು. ನೀಲವ್ವ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಇಂದುಮತಿ ಚಪ್ಪಲಿ ಮೆಟ್ಟಿ ಹೊರಗೆ ಬರುವವರೆಗೂ ಆ ರೆಪ್ಪೆಗಳು ಒಂದು ಸಲವೂ ಮಿಟುಕಲಿಲ್ಲ.